ಸಹಾಯ ಬೇಕು: ಬೆಂಕಿ ನಿರೋಧಕ ಸಮವಸ್ತ್ರವನ್ನು ತಪ್ಪಾಗಿ ಒಗೆದಿದ್ದೇವೆ, ಮುಂದೇನು?

ಎಲ್ಲರಿಗೂ ನಮಸ್ಕಾರ. ವಿದ್ಯುತ್ ಪ್ಯಾನೆಲ್‌ಗಳ ದುರಸ್ತಿಯ ವೇಳೆ ನಾನು ತೊಡುವ ಬೆಂಕಿ ನಿರೋಧಕ ಸಮವಸ್ತ್ರವನ್ನು ಮನೆಯಲ್ಲಿಯೇ ಒಗೆಯುತ್ತೇವೆ. ಅದಕ್ಕೆ ಕ್ಲೋರಿನ್ ಬ್ಲೀಚ್ ಹಾಕಬಾರದೆಂಬುದು ನನಗೆ ಗೊತ್ತಿತ್ತು. ಆದರೆ ಬಟ್ಟೆಯನ್ನು ಮೃದುವಾಗಿಸುವ ಕಂಡೀಷನರ್ ಕೂಡ ನೂಲಿನ ಮೇಲೆ ಉರಿಯಬಲ್ಲ ಪದರವನ್ನು ಉಳಿಸುತ್ತದೆ ಎಂಬುದು, ಮನೆಯವರು ಅದನ್ನು ಮೂರು ಬಾರಿ ಬಳಸಿದ ಮೇಲಷ್ಟೇ ತಿಳಿಯಿತು. (ತಪ್ಪು ನನ್ನದೇ, ಮೊದಲೇ ಹೇಳಿರಲಿಲ್ಲ.)

ಆ ಬಳಿಕ ಒಳಮೈಯನ್ನು ಹೊರಗೆ ಮಾಡಿ, ಬೇರೆ ಬಟ್ಟೆಗಳೊಂದಿಗೆ ಸೇರಿಸದೆ, ಸಾಧಾರಣ ದ್ರವ ಡಿಟರ್ಜೆಂಟಿನಲ್ಲಿ ಎರಡು ಸಲ ಒಗೆದು, ಹೆಚ್ಚು ನೀರಿನಲ್ಲಿ ಜಾಲಿಸಿದ್ದೇನೆ. ಕಂಡೀಷನರಿನ ಪರಿಮಳ ಹೋಗಿದೆ. ಆದರೆ ನಮ್ಮದು ಗಡಸು ನೀರಾದ್ದರಿಂದ ಕಾಲರಿನ ಹೊಲಿಗೆಯುದ್ದಕ್ಕೂ ಬಿಳಿ ಪುಡಿ ಕೂತಿದೆ. ಬಲತೋಳಿನ ಅಂಚಿನಲ್ಲಿ ಹೆಬ್ಬೆರಳಗಲದ ಗ್ರೀಸ್ ಕಲೆಯೂ ಉಳಿದಿದ್ದು, ಅಲ್ಲಿ ಮಾತ್ರ ನೀರು ಹೀರಿಕೊಳ್ಳದೆ ಹನಿಯಾಗಿ ನಿಲ್ಲುತ್ತದೆ.

ನನ್ನ ಗೊಂದಲ ಇಷ್ಟು. ಅರಾಮಿಡ್ (ಶಾಖ ತಾಳುವ ಕೃತಕ ನೂಲು) ಬಟ್ಟೆಯಾದರೆ ನಿರೋಧಕ ಗುಣ ನೂಲಿನಲ್ಲಿಯೇ ಇರುತ್ತದೆ, ರಾಸಾಯನಿಕದಿಂದ ಸಂಸ್ಕರಿಸಿದ ಹತ್ತಿಯಾದರೆ ಹೆಚ್ಚು ಎಚ್ಚರ ಬೇಕು. ನನ್ನ ಲೇಬಲ್ ಮಾಸಿಹೋಗಿ 60 ಡಿಗ್ರಿ ಎಂಬುದಷ್ಟೇ ಓದಲು ಸಿಗುತ್ತದೆ. ಬೆಂಕಿ ತಾಗಿಸಿ ಪರೀಕ್ಷಿಸುವ ದುಸ್ಸಾಹಸಕ್ಕೆ ನಾನಂತೂ ಇಳಿಯುವುದಿಲ್ಲ.

ಇಂತಹ ಬಟ್ಟೆಗಳನ್ನು ನಿರ್ವಹಿಸಿದ ಅನುಭವವಿರುವವರು ದಯವಿಟ್ಟು ತಿಳಿಸಿ: ಆ ಗ್ರೀಸ್ ಕಲೆಯನ್ನೂ ಬಿಳಿ ಪುಡಿಯನ್ನೂ 60 ಡಿಗ್ರಿ ಮೀರದಂತೆ ತೆಗೆಯುವ ಸುರಕ್ಷಿತ ಕ್ರಮ ಯಾವುದು, ಮತ್ತು ಎಷ್ಟು ಸಲ ಒಗೆದರೂ ಹೋಗದಿದ್ದಲ್ಲಿ ಅದನ್ನು ತೊಡುವುದನ್ನೇ ನಿಲ್ಲಿಸಬೇಕು?