ನಿತ್ಯಪುಷ್ಪದ ಎಲೆ ಶುಗರ್‌ಗೆ ತಿನ್ನಬಹುದಾ? ಗುಂಪಿನ ವೈದ್ಯೆ ಜೊತೆ ಪ್ರಶ್ನೋತ್ತರ

ನಿರ್ವಾಹಕಿ: ಎಲ್ಲರಿಗೂ ನಮಸ್ಕಾರ. ಈ ವಾರದ ಗಿಡ ನಿತ್ಯಪುಷ್ಪ. ಕಾಶಿ ಕಣಗಿಲೆ, ಸದಾಪುಷ್ಪ, ನಿತ್ಯ ಮಲ್ಲಿಗೆ, ಹೀಗೆ ಊರಿಗೊಂದು ಹೆಸರು. "ಖಾಲಿ ಹೊಟ್ಟೆಗೆ 7 ಎಲೆ, ಶುಗರ್ ಮಾಯ" ಅನ್ನುವ ಫಾರ್ವರ್ಡ್ ಈ ತಿಂಗಳು ಗುಂಪಿಗೆ ನಾಲ್ಕು ಸಲ ಬಂತು. ಅದಕ್ಕೇ ಈ ಗಿಡ ಆರಿಸಿದ್ದು. ನಮ್ಮ ಆಯುರ್ವೇದ ವೈದ್ಯೆ ರೋಗಿಗಳ ನಡುವೆ ಬಿಡುವಾದಾಗ ಉತ್ತರ ಕೊಡುತ್ತಾರೆ.

ವೈದ್ಯೆ: ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ. ಗಿಡ ಅಂಗಳದಲ್ಲಿರಲಿ, ಹೊಟ್ಟೆಗೆ ಬೇಡ. ಬೇರು, ಎಲೆ, ಹೂ ಎಲ್ಲದರಲ್ಲೂ ವಿಷದ ಅಂಶ ಇದೆ. ಆಡು ಕೂಡ ಮೂಸಿ ಮುಂದೆ ಹೋಗುತ್ತದೆ, ನೋಡಿದ್ದೀರಲ್ವಾ? ಈಗ ಕೇಳಿ.

ಅಂಗಳದ ಹೂ: ಮೇಡಂ, ಶುಗರ್‌ಗೆ ಬಿಳಿ ಹೂ ಒಳ್ಳೆಯದಾ, ಪಿಂಕ್ ಒಳ್ಳೆಯದಾ?

ವೈದ್ಯೆ: ಎರಡೂ ಬೇಡ.

ಹೊಸ ತೋಟಗಾರ್ತಿ: ನನ್ನ ಗಿಡದಲ್ಲಿ ಹೂ ಹಸಿರಾಗಿ ಬರುತ್ತಿದೆ. ಎಲೆ ತುಂಬಾ ಚಿಕ್ಕದಾಗಿ ಗೊಂಚಲು ಕಟ್ಟಿದೆ. ಏನು ಹಾಕಲಿ?

ಬಯಲುಸೀಮೆ ರೈತ: ಏನೂ ಹಾಕಬೇಡಿ, ಕಿತ್ತು ಸುಡಿ. ಅದು ಫೈಟೊಪ್ಲಾಸ್ಮಾ ಅನ್ನುವ ಸೂಕ್ಷ್ಮಾಣುವಿನ ರೋಗ. ಜಿಗಿಹುಳ ಹರಡುತ್ತದೆ. ಪಕ್ಕದ ಗಿಡಗಳಿಗೂ ಬರುತ್ತದೆ, ಬದನೆ ಹಾಕಿದ್ದರೆ ಅದನ್ನೂ ನೋಡಿಕೊಳ್ಳಿ. ನನ್ನದೊಂದು ಪ್ರಶ್ನೆ ಮೇಡಂಗೆ: ಲಖನೌದ ಔಷಧಿ ಗಿಡಗಳ ಸಂಶೋಧನಾ ಸಂಸ್ಥೆ ಸಿಮ್ಯಾಪ್‌ನ ನಿರ್ಮಲ್, ಧವಲ್ ಅನ್ನುವ ನಿತ್ಯಪುಷ್ಪ ತಳಿ ಬೆಳೆದರೆ ಬೇರು ಕೊಳ್ಳುವವರು ನಮ್ಮ ತುಮಕೂರು ಕಡೆ ಇದ್ದಾರಾ?

ಎರಡು ಮಕ್ಕಳ ತಾಯಿ: ಎರಡು ವರ್ಷದ ಮಗ ಒಂದು ಹೂ ಬಾಯಿಗೆ ಹಾಕಿಕೊಂಡ. ಅರ್ಧ ಉಗುಳಿಸಿದೆ. ಭಯ ಆಗ್ತಿದೆ.

ವೈದ್ಯೆ: ಬಾಯಿ ತೊಳೆಸಿ, ನೀರು ಕುಡಿಸಿ. ವಾಂತಿ ಮಾಡಿಸಲು ಹೋಗಬೇಡಿ. ಅರ್ಧ ಹೂವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ವಾಂತಿ, ಮಂಪರು ಕಂಡರೆ, ಅಥವಾ ಎಲೆ, ಕಾಯಿ ತಿಂದಿದ್ದಾನೆ ಅನ್ನುವ ಅನುಮಾನ ಇದ್ದರೂ ಸಾಕು, ಗಿಡದ ಒಂದು ಟೊಂಗೆ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ. ಒಂದು ವಿಷಯ ಖಾತ್ರಿ ಮಾಡಿ: ಅದು ಕಾಶಿ ಕಣಗಿಲೆಯೇ, ಅಥವಾ ಕಣಗಿಲೆಯೇ? ಕಣಗಿಲೆ ಆಳೆತ್ತರದ ಪೊದೆ, ಉದ್ದ ಎಲೆ ಮೂರು ಮೂರಾಗಿ ಇರುತ್ತದೆ. ಅದು ನೇರ ಹೃದಯಕ್ಕೆ ಹೊಡೆಯುತ್ತದೆ. ಅದಾಗಿದ್ದರೆ ಈಗಲೇ ಹೊರಡಿ.

ಎರಡು ಮಕ್ಕಳ ತಾಯಿ: ಮೊಣಕಾಲೆತ್ತರದ್ದು. ಮಿರಮಿರ ಎಲೆ, ನಡುವೆ ಬಿಳಿ ಗೆರೆ. ಎಲೆ ಎರಡೆರಡು.

ವೈದ್ಯೆ: ಹಾಗಾದರೆ ಕಾಶಿ ಕಣಗಿಲೆ. ರಾತ್ರಿವರೆಗೆ ಗಮನ ಇಡಿ.

ಕೊಳ್ಳೇಗಾಲದ ಕುಡಿ: ನಮ್ಮ ಗಡಿ ಕಡೆ ತಮಿಳಿನವರು ಇದಕ್ಕೆ ಸುಡುಗಾಡು ಮಲ್ಲಿ ಅಂತಾರೆ. ಮನೆ ಮುಂದೆ ಹಾಕಲೇಬಾರದು. ದೇವರಿಗಂತೂ ಇಲ್ಲವೇ ಇಲ್ಲ.

ಅಂಗಳದ ಹೂ: ನಮ್ಮನೇಲಿ ಮೂವತ್ತು ವರ್ಷದಿಂದ ಗಣಪತಿಗೆ ಇದೇ ಹೂ. ಏನೂ ಆಗಿಲ್ಲ.

ಕೊಳ್ಳೇಗಾಲದ ಕುಡಿ: ಆಗುವ ತನಕ ಏನೂ ಆಗಿರುವುದಿಲ್ಲ.

ಅಂಗಳದ ಹೂ: ಇದೆಂಥ ಮಾತು? ನಮ್ಮ ಮನೆಗೆ ಶಾಪ ಹಾಕ್ತಿದ್ದೀರಾ?

ಬಯಲುಸೀಮೆ ರೈತ: ಜಗಳ ಬೇಡ. ನೀರಿಲ್ಲದ ಕಡೆ, ಮರಳಲ್ಲಿ, ಕಲ್ಲು ಸಂದಿಯಲ್ಲಿ ತಾನಾಗಿ ಬೆಳೆಯುತ್ತದೆ. ದನ ಮುಟ್ಟುವುದಿಲ್ಲ. ಹಾಗಾಗಿ ಸ್ಮಶಾನದಲ್ಲೂ ಉಳಿದಿದೆ, ಅಷ್ಟೇ.

ಮಲೆನಾಡ ಸೊಸೆ: ಮೇಡಂ, ನಮ್ಮ ಅತ್ತೆಗೆ 62 ವರ್ಷ. ಶುಗರ್‌ಗೆ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ತಗೊಳ್ತಾರೆ. ಮೂರು ವಾರದಿಂದ ಹತ್ತು ಎಲೆ ಕುದಿಸಿ ಕುಡೀತಿದ್ದಾರೆ, ನಮಗೆ ಹೇಳಿರಲಿಲ್ಲ. ಶುಗರ್ ಇಳಿದಿದೆ ಅಂತ ಖುಷಿಯಾಗಿದ್ದಾರೆ. ಆದರೆ ಮೊನ್ನೆ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕೂತಿದ್ದರು, ರವಿಕೆ ಪೂರ್ತಿ ಬೆವರಿಂದ ಒದ್ದೆ. ಏನು ಕೇಳಿದರೂ ಉತ್ತರ ಕೊಡದೆ ನನ್ನ ಮುಖವನ್ನೇ ನೋಡ್ತಿದ್ದರು. ಕಾಫಿ ಕೊಟ್ಟ ಮೇಲೆ ಸರಿಹೋದರು. ಬೆರಳ ತುದಿ ಜೋಮು ಅಂತಾರೆ. ನಾಲ್ಕು ದಿನದಿಂದ ಮಲ ಹೋಗಿಲ್ಲ. ಕಾಲಿನ ಕಿರುಬೆರಳಲ್ಲಿ ಒಂದು ಗಾಯ, ಹದಿನೈದು ದಿನವಾದರೂ ಒಣಗಿಲ್ಲ. ಇದಕ್ಕೂ ಎಲೆಗೂ ಸಂಬಂಧ ಇದೆಯಾ?

ವೈದ್ಯೆ: ಉಳಿದವರು ಸ್ವಲ್ಪ ತಡೆಯಿರಿ. ಇದು ಮೊದಲು.

ಕಷಾಯ ಈ ಹೊತ್ತಿನಿಂದ ನಿಲ್ಲಿಸಿ. ಮಾತ್ರೆ ನೀವಾಗಿ ನಿಲ್ಲಿಸಬೇಡಿ, ಈಗಲೇ ಅವರ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ನಾಳೆ ಅಲ್ಲ.

ಯಾಕೆ ಅಂತ ಹೇಳುತ್ತೇನೆ. ಬೆಳಗಿನ ಜಾವದ ಬೆವರು, ಮಂಕು, ಕಾಫಿ ಸಕ್ಕರೆಯಿಂದ ಸರಿಹೋದದ್ದು: ನನಗೆ ಅನಿಸುವುದು ಸಕ್ಕರೆ ಅತಿಯಾಗಿ ಇಳಿದಿತ್ತು ಅಂತ. ಗ್ಲಿಮೆಪಿರೈಡ್ ಒಂದೇ ಅದನ್ನು ಮಾಡಬಲ್ಲದು. ಹೊಟ್ಟೆ ಕೆಟ್ಟು ಊಟ ಕಡಿಮೆಯಾಗಿದ್ದರೆ ಇನ್ನೂ ಸುಲಭ. ಎಲೆಯೂ ಸೇರಿದರೆ ಎಷ್ಟು ಇಳಿಯುತ್ತದೆ ಅಂತ ಯಾರೂ ಲೆಕ್ಕ ಹಾಕಿ ಹೇಳಲಾರರು. ಮತ್ತೆ ಹಾಗಾದರೆ, ಎಚ್ಚರವಾಗಿದ್ದು ನುಂಗಲು ಆಗುತ್ತಿದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷ ಬಿಟ್ಟು ಸಕ್ಕರೆ ನೋಡಿ, ಏರಿಲ್ಲದಿದ್ದರೆ ಮತ್ತೆ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಕರೆ ಮಾಡಿ. ಈ ಮಾತ್ರೆಯಿಂದ ಇಳಿದ ಸಕ್ಕರೆ ಒಮ್ಮೆ ಏರಿ ಮತ್ತೆ ಇಳಿಯುತ್ತದೆ. ಸರಿಹೋಯಿತು ಅಂತ ಮಲಗಿಸಿಬಿಡಬೇಡಿ.

ಜೋಮು ಮತ್ತು ಮಲಬದ್ಧತೆ. ಹಳೆಯ ಶುಗರ್ ಇದ್ದವರಿಗೆ ಎರಡೂ ಬರುತ್ತವೆ. ಆದರೆ ಈ ಗಿಡದಿಂದ ತೆಗೆದ ವಿನ್‌ಕ್ರಿಸ್ಟಿನ್ ಅನ್ನುವ ಕ್ಯಾನ್ಸರ್ ಇಂಜೆಕ್ಷನ್ನಿನ ಅಡ್ಡ ಪರಿಣಾಮವೂ ಇದೇ ಎರಡು, ನರಕ್ಕೆ ಪೆಟ್ಟು ಬಿದ್ದು ಬೆರಳು ಜೋಮು, ಕರುಳು ನಿಧಾನ. ಮೂರು ವಾರದಲ್ಲಿ ಹೊಸದಾಗಿ ಶುರುವಾಗಿದ್ದರೆ ನಾನು ಸುಮ್ನೆ ಬಿಡುವುದಿಲ್ಲ. ಮೊದಲೇ ಇತ್ತಾ ಅಂತ ಅವರನ್ನೇ ಕೇಳಿ.

ನನಗೆ ಎಲ್ಲಕ್ಕಿಂತ ಚಿಂತೆ ಆ ಕಿರುಬೆರಳಿನದು. ಈ ಗಿಡದ ಸತ್ವ ಬಿಳಿ ರಕ್ತಕಣ ಇಳಿಸಬಲ್ಲದು. ಶುಗರ್ ಇರುವವರ ಕಾಲಿನ ಗಾಯ, ಜೊತೆಗೆ ಬಿಳಿ ಕಣ ಕಡಿಮೆ ಅಂದರೆ ಸೋಂಕು ಏರುವುದು ಗೊತ್ತೇ ಆಗುವುದಿಲ್ಲ. ರಕ್ತಕಣಗಳ ಎಣಿಕೆ, ಸಕ್ಕರೆ, ಕಿಡ್ನಿ, ಲಿವರ್, ಸೋಡಿಯಂ ನೋಡಲು ಹೇಳಿ. ಎಲೆ ಕುಡಿದ ವಿಷಯ ಮುಚ್ಚಿಡಬೇಡಿ, ಒಂದು ಟೊಂಗೆ ಜೊತೆಗೆ ಒಯ್ಯಿರಿ. ಅತ್ತೆಗೆ ಬೈಯಬೇಡಿ. ಬೈದರೆ ಮುಂದಿನ ಸಲ ಅಡಗಿಸಿ ಕುಡಿಯುತ್ತಾರೆ.

ಮಲೆನಾಡ ಸೊಸೆ: ಗಾಡಿ ಕರೆಸಿದ್ದೇನೆ. ಹೊರಟೆವು.

ನಾಟಿ ಮದ್ದು: ಸುಮ್ಮನೆ ಹೆದರಿಸ್ತಿದ್ದಾರೆ. ಆಯುರ್ವೇದ ಗ್ರಂಥ ಭಾವಪ್ರಕಾಶದಲ್ಲೇ ಸದಾಪುಷ್ಪ ಅಂತ ಹೆಸರಿದೆ. ನಮ್ಮ ಹಿರಿಯರು ದಡ್ಡರಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ನಿಮ್ಮಂಥವರಿಂದಲೇ ಶುರುವಾಗಿದ್ದು. ಕ್ಯಾನ್ಸರ್‌ಗೇ ಮದ್ದಾದ ಗಿಡಕ್ಕೆ ಶುಗರ್ ಯಾವ ಲೆಕ್ಕ?

ವೈದ್ಯೆ: ಭಾವಪ್ರಕಾಶದ ಆ ಶ್ಲೋಕ ನಾನೂ ಓದಿದ್ದೇನೆ. ಅಲ್ಲಿ ಸದಾಪುಷ್ಪ ಅಂದರೆ ಬಿಳಿ ಎಕ್ಕ. ಸಾಲಿನ ಶುರುವಿನಲ್ಲೇ ಶ್ವೇತಾರ್ಕ ಅಂತ ಇದೆ. ನಿತ್ಯಪುಷ್ಪದ ತವರು ಮಡಗಾಸ್ಕರ್ ದ್ವೀಪ, ಅದು ಆಚೆಯಿಂದ ಇಲ್ಲಿಗೆ ಬಂದ ಗಿಡ. ಚರಕ, ಸುಶ್ರುತರಲ್ಲಿ ಅದಿಲ್ಲ. ಹಿರಿಯರ ಹೆಸರಲ್ಲಿ ಹಿರಿಯರು ಹೇಳದ್ದನ್ನು ಹಂಚಬೇಡಿ, ದಯವಿಟ್ಟು.

ಶಾರ್ಜಾ ಕನ್ನಡಿಗ: ಕ್ಯಾನ್ಸರ್ ಮಾತು ಬಂದಿದ್ದಕ್ಕೆ ಕೇಳ್ತೀನಿ. ಅಣ್ಣನ ಮಗಳಿಗೆ ಆರು ವರ್ಷ. ಲ್ಯುಕೇಮಿಯಾ ಅಂದರೆ ರಕ್ತದ ಕ್ಯಾನ್ಸರ್, ಬೆಂಗಳೂರಲ್ಲಿ ಚಿಕಿತ್ಸೆ ನಡೀತಿದೆ. ಇಂಜೆಕ್ಷನ್ ಇದೇ ಗಿಡದ್ದಂತೆ. "ಅದನ್ನೇ ಹಸಿಯಾಗಿ ಕೊಡಿ, ಕೂದಲು ಉದುರಲ್ಲ" ಅಂತ ಊರಿನವರು ಅಣ್ಣನ ತಲೆ ತಿಂತಿದ್ದಾರೆ.

ವೈದ್ಯೆ: ಕೊಡಬೇಡಿ. ಒಂದು ಹನಿಯೂ ಬೇಡ. ಇದನ್ನು ಅಣ್ಣನಿಗೆ ಓದಿ ಹೇಳಿ.

1950ರ ದಶಕದಲ್ಲಿ ಕೆನಡಾದಲ್ಲಿ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಈ ಎಲೆ ಪರೀಕ್ಷಿಸಿದರು. ಎಲೆ ಬಂದದ್ದು ಜಮೈಕಾದಿಂದ, ಅಲ್ಲಿ ಜನ ಶುಗರ್‌ಗೆ ಇದರ ಚಹಾ ಕುಡಿಯುತ್ತಿದ್ದರು. ಅವರು ಹುಡುಕಿದ್ದು ಶುಗರ್ ಮದ್ದು. ಇಲಿಗಳಿಗೆ ಬಾಯಲ್ಲಿ ಕೊಟ್ಟರು, ಸಕ್ಕರೆ ಇಳಿಯಲಿಲ್ಲ. ಸೂಜಿಯಲ್ಲಿ ಕೊಟ್ಟರು, ಇಲಿಗಳು ಸೋಂಕಿನಿಂದ ಸತ್ತವು. ನೋಡಿದರೆ ಬಿಳಿ ರಕ್ತಕಣ ಪಾತಾಳಕ್ಕೆ ಇಳಿದಿತ್ತು. ಹಾಗಾದರೆ ಬಿಳಿ ಕಣ ಹುಚ್ಚಾಗಿ ಬೆಳೆಯುವ ಕ್ಯಾನ್ಸರ್‌ಗೆ ಇದನ್ನು ಬಳಸಬಹುದಲ್ಲ ಅಂತ ಹೊಳೆಯಿತು. 1958ರಲ್ಲಿ ಈ ಎಲೆಯಿಂದ ವಿನ್‌ಬ್ಲಾಸ್ಟಿನ್ ಅನ್ನುವ ಕ್ಯಾನ್ಸರ್ ಮದ್ದು ಹೊರಬಂತು. ಆಮೇಲೆ ಅಮೆರಿಕದಲ್ಲಿ ಸಿಕ್ಕ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಒಪ್ಪಿಗೆ ಸಿಕ್ಕಿತು. ನಿಮ್ಮ ಮಗುವಿಗೆ ಕೊಡುತ್ತಿರುವುದು ಬಹುಶಃ ಅದೇ. ಫಾರ್ವರ್ಡ್ ಬರೆದವರು "ಕ್ಯಾನ್ಸರ್ ಮದ್ದು" ಅನ್ನುವಷ್ಟನ್ನು ಇಟ್ಟುಕೊಂಡು ಸತ್ತ ಇಲಿಗಳನ್ನು ಬಿಟ್ಟಿದ್ದಾರೆ.

ಆ ಮದ್ದನ್ನು ಮಗುವಿನ ಮೈ ಅಳತೆ ನೋಡಿ ಕೊಡುತ್ತಾರೆ. ದೊಡ್ಡವರಿಗೂ ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ದಾಟಿಸುವುದಿಲ್ಲ. ರಕ್ತನಾಳಕ್ಕೆ ಮಾತ್ರ. ತಪ್ಪಿ ಬೆನ್ನುಹುರಿಗೆ ಹೋದರೆ ಪ್ರಾಣವೇ ಹೋಗುತ್ತದೆ. ಕೆಲವು ಫಂಗಸ್ ಮಾತ್ರೆ ಜೊತೆಗೆ ಕೊಟ್ಟರೂ ಅದರ ವಿಷ ಏರುತ್ತದೆ. ಇಷ್ಟು ಅಳೆದು ತೂಗಿ ಕೊಡುವ ಮದ್ದಿನ ಮೇಲೆ ಅಳತೆಯಿಲ್ಲದ ರಸ ಸುರಿಯುವುದು ಹೇಗೆ? ಕೂದಲು ಉದುರಿದರೆ ಮತ್ತೆ ಬರುತ್ತದೆ. ಮಗುವಿಗೆ ಜ್ವರ ಬಂದರೆ ತಡ ಮಾಡದೆ ಆಸ್ಪತ್ರೆಗೆ, ಅದನ್ನು ನೆನಪಿಡಲು ಹೇಳಿ.

ಶಾರ್ಜಾ ಕನ್ನಡಿಗ: ಈಗಲೇ ಫೋನ್ ಮಾಡಿ ಓದಿ ಹೇಳ್ತೀನಿ.

ನಾಟಿ ಮದ್ದು: ಒಂದು ಗ್ರಾಂ ವಿನ್‌ಬ್ಲಾಸ್ಟಿನ್‌ಗೆ ಸುಮಾರು 500 ಕಿಲೋ ಒಣ ಎಲೆ ಬೇಕಂತೆ. ಅಂದಮೇಲೆ ಏಳು ಎಲೆಯಲ್ಲಿ ಏನಿರುತ್ತೆ? ಯಾಕಿಷ್ಟು ಭಯ?

ವೈದ್ಯೆ: ಲೆಕ್ಕ ಸರಿ ಇದೆ. ಆದರೆ ಏಳು ಎಲೆಯಲ್ಲಿ ಏನೂ ಇಲ್ಲ ಅಂದರೆ ಅದು ಕ್ಯಾನ್ಸರ್‌ಗೆ ಮದ್ದೂ ಆಗುವುದಿಲ್ಲ. ನಿಮ್ಮ ಎರಡು ಮಾತಿನಲ್ಲಿ ಯಾವುದನ್ನು ಉಳಿಸಿಕೊಳ್ಳುತ್ತೀರಿ? ಇನ್ನು ಎಲೆಯಲ್ಲಿರುವುದು ಅದೊಂದೇ ಅಲ್ಲ, ಆಲ್ಕಲಾಯ್ಡ್ ಅನ್ನುವ ಸಸ್ಯ ರಾಸಾಯನಿಕಗಳು ನೂರಕ್ಕೂ ಜಾಸ್ತಿ ಇವೆ. ತಳಿ, ಮಣ್ಣು, ಗಿಡದ ವಯಸ್ಸು ಬದಲಾದರೆ ಪ್ರಮಾಣ ಬದಲಾಗುತ್ತದೆ. ದಿನಾ ಕುಡಿಯುವವರ ಮೈಗೆ ಎಷ್ಟು ಸೇರಿತು ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನಾನು ರೋಗಿಗೆ ಕೊಡುವುದಿಲ್ಲ.

ಅಂಗಳದ ಹೂ: ಬಿಪಿಗೆ ಬೇರು ಒಳ್ಳೆಯದಂತೆ?

ವೈದ್ಯೆ: ಬೇರಿನಲ್ಲಿರುವ ಅಜ್ಮಲಿಸಿನ್ ಅನ್ನುವ ಅಂಶ ತೆಗೆದು ಮಾತ್ರೆ ಮಾಡುವುದು ಕಾರ್ಖಾನೆ ಕೆಲಸ. ನೀವು ಅಗೆದು ತಿನ್ನಬೇಡಿ.

ಹೊಸ ತೋಟಗಾರ್ತಿ: ಗರ್ಭಿಣಿ ಒಂದೆರಡು ಹೂ ತಿಂದರೆ?

ವೈದ್ಯೆ: ಬೇಡ. ಖಡಾಖಂಡಿತ ಬೇಡ.

ಅಜ್ಜಿಮನೆ: ಕಣಜ ಕಚ್ಚಿದ ಜಾಗಕ್ಕೆ ಎಲೆ ರಸ ಹಚ್ಚುತ್ತಿದ್ದೆವು. ಅದಾದರೂ ಸರಿಯಾ?

ಕೊಳ್ಳೇಗಾಲದ ಕುಡಿ: ನಾನು ಹೇಳಿದ್ದು ಸರಿಯೇ ಆಯ್ತಲ್ಲ, ಕೆಟ್ಟ ಗಿಡ.

ಅಂಗಳದ ಹೂ: ಒಂದು ಮಗುವಿನ ಪ್ರಾಣ ಉಳಿಸುವ ಗಿಡ ಕೆಟ್ಟದ್ದಾ? ನಿಮ್ಮ ಜೊತೆ ಮಾತೇ ಬೇಡ.

ನಾಟಿ ಮದ್ದು: ಔಷಧ ಕಂಪನಿ ದುಡ್ಡು ಕೊಡುತ್ತೆ, ಇವರು ಹೀಗೆ ಬರೀತಾರೆ.

ವೈದ್ಯೆ: ನನ್ನ ಕ್ಲಿನಿಕ್ಕಿನಲ್ಲಿ ಇರುವುದು ಅಮೃತಬಳ್ಳಿ, ನೆಲ್ಲಿ, ತ್ರಿಫಲ. ಅವುಗಳಿಂದಲೇ ಬದುಕುತ್ತಿದ್ದೇನೆ. ಇಂಥ ಎಲೆ ತಿಂದು ಮಲಗಿದವರು "ಆಯುರ್ವೇದ ಹಾಳುಮಾಡಿತು" ಅಂತ ಹೇಳುವಾಗ ಅದನ್ನು ಕೇಳಿಸಿಕೊಳ್ಳುವವಳು ನಾನು. ಈ ಆರೋಪ ವಾಪಸ್ ತಗೊಳ್ಳಿ.

ನಿರ್ವಾಹಕಿ: ನಾಟಿ ಮದ್ದು ಅವರೇ, ವಾರದ ಮಟ್ಟಿಗೆ ನಿಮ್ಮನ್ನು ತಡೆಹಿಡಿದಿದ್ದೇನೆ.

ಹೊಸ ಸದಸ್ಯ: ಹಾಯ್. ಶುಗರ್‌ಗೆ ಎಷ್ಟು ಎಲೆ, ಬಿಳಿಯದಾ ಪಿಂಕಾ?

ವೈದ್ಯೆ: ಮೇಲೆ ಓದಿ.

ಮಲೆನಾಡ ಸೊಸೆ: ಆಸ್ಪತ್ರೆಯಿಂದ ಬರೀತಿದ್ದೇನೆ. ಬಂದಾಗ ಸಕ್ಕರೆ 58 ಇತ್ತು. ಗ್ಲುಕೋಸ್ ಹಾಕಿ ಇಲ್ಲೇ ಇಟ್ಟುಕೊಂಡಿದ್ದಾರೆ. ಬಿಳಿ ಕಣ 3,100. ಜೋಮು ಎರಡು ವಾರದಿಂದ ಅಂತ ಈಗ ಒಪ್ಪಿಕೊಂಡರು. ಮನೆಯಲ್ಲಿ ಕಾಫಿಪುಡಿ ಪಕ್ಕದಲ್ಲೇ ಒಣಗಿದ ಎಲೆಪುಡಿ ಡಬ್ಬ ಸಿಕ್ಕಿತಂತೆ. ಎಸೆಯಲು ಹೇಳಲಾ?

ವೈದ್ಯೆ: 4,000ಕ್ಕಿಂತ ಕಡಿಮೆ ಅಂದರೆ ಇಳಿದಿದೆ ಅಂತಲೇ. ಒಂದೇ ಎಣಿಕೆ ನೋಡಿ ಗಿಡದ್ದೇ ಅಂತ ಹೇಳಲಾರೆ. ಎರಡು ದಿನ ಬಿಟ್ಟು ಮತ್ತೆ ನೋಡಲಿ, ಅಲ್ಲಿವರೆಗೆ ಜ್ವರ ಬಂದರೆ ತಕ್ಷಣ ಹೇಳಿ. ಕಾಲಿನ ಗಾಯ ತೋರಿಸಿದಿರಾ? ಡಬ್ಬ ಇವತ್ತು ಎಸೆಯಬೇಡಿ. ಯಾರಾದರೂ ಆಸ್ಪತ್ರೆಗೆ ತಂದು ಡಾಕ್ಟರಿಗೆ ತೋರಿಸಲಿ.

ಮಲೆನಾಡ ಸೊಸೆ: ಗಾಯ ತೋರಿಸಿದೆ, ಡ್ರೆಸ್ಸಿಂಗ್ ಮಾಡ್ತಿದ್ದಾರೆ. ಗಿಡ ಕಿತ್ತುಹಾಕಬೇಡ ಅಂತ ಅತ್ತೆ ಹೇಳ್ತಿದ್ದಾರೆ. ಬೀಜ ತಂದು ಬಿತ್ತಿದ್ದು ಅವರೇ.

ವೈದ್ಯೆ: ಗಿಡ ಇರಲಿ ಅಂತ ಹೇಳಿ. ಹೂ ಬಿಡಲಿ. ಡಬ್ಬ ಮಾತ್ರ ತರಿಸಿ.