ಹಳೇಬೀಡಿನ ಮಕರವನ್ನು ಡಿಜಿಟಲ್ ಚಿತ್ರವಾಗಿಸುವುದು ಹೇಗೆ? ಅನುಭವಸ್ಥರಲ್ಲಿ ಒಂದು ವಿನಂತಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಬಳಿಯ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿ. ಗೆಳತಿಯೊಬ್ಬರು ಬರೆದ ಮಕ್ಕಳ ಕಥಾಪುಸ್ತಕಕ್ಕೆ ಮುಖಪುಟದ ಚಿತ್ರ ಬರೆದುಕೊಡಲು ಒಪ್ಪಿಕೊಂಡಿದ್ದೇನೆ. ಹಳೇಬೀಡಿನ ದೇವಾಲಯದ ಗೋಡೆಯ ಮಕರವೊಂದು ಹುಣ್ಣಿಮೆಯ ರಾತ್ರಿ ಜೀವ ತಳೆದು ಕೆರೆಗಿಳಿಯುತ್ತದೆ, ದಡದಲ್ಲಿ ಲಾಟೀನು ಹಿಡಿದು ನಿಂತ ಹುಡುಗಿಯೊಬ್ಬಳು ಅದನ್ನು ನೋಡುತ್ತಾಳೆ ಎಂಬುದು ದೃಶ್ಯ. ಜಲವರ್ಣದಲ್ಲಿ ನನಗೆ ಅಭ್ಯಾಸವಿದೆ. ಡಿಜಿಟಲ್ ಮಾಧ್ಯಮಕ್ಕೆ ಮಾತ್ರ ಹೊಸಬಳು. ಪರದೆಯಿಲ್ಲದ ಪೆನ್ ಟ್ಯಾಬ್ಲೆಟ್, 8 ಜಿ.ಬಿ. ಮೆಮೊರಿಯ ಲ್ಯಾಪ್‌ಟಾಪ್ ಮತ್ತು ಕ್ರಿಟಾ ತಂತ್ರಾಂಶ ನನ್ನ ಬಳಿ ಇವೆ. ಈವರೆಗೆ ನಾಲ್ಕು ಬಾರಿ ಪ್ರಯತ್ನಿಸಿದ್ದೇನೆ. ಪ್ರತಿ ಸಲವೂ ಆನೆಯ ಸೊಂಡಿಲು, ಮೊಸಳೆಯ ಬಾಯಿ, ನವಿಲಿನ ಬಾಲ ಇವೆಲ್ಲ ಬೇರೆ ಬೇರೆ ಚಿತ್ರಗಳಿಂದ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತವೆ. ಯಾವ ಹಂತದಲ್ಲಿ ತಪ್ಪುತ್ತಿದ್ದೇನೆ? ಇಂಥ ಕಾಲ್ಪನಿಕ ಚಿತ್ರಗಳನ್ನು ಮಾಡಿದವರು ತಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ

ಮೇಡಂ, ನಮಸ್ಕಾರ. ಹನ್ನೊಂದು ವರ್ಷಗಳಿಂದ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದೇನೆ. ನೀವು ಹೇಳಿದ ತೊಂದರೆಯನ್ನು ನಾನು ಚೆನ್ನಾಗಿ ಬಲ್ಲೆ. ನಾನು ಮೊದಲು ಬರೆದ ಶರಭದ ಚಿತ್ರದಲ್ಲಿ ಸಿಂಹದ ಮೈಗೆ ನಡುಮಧ್ಯಾಹ್ನದ ಛಾಯಾಚಿತ್ರವನ್ನೂ ರೆಕ್ಕೆಗಳಿಗೆ ಸಂಜೆಯ ಛಾಯಾಚಿತ್ರವನ್ನೂ ನೋಡಿಕೊಂಡು ಬರೆದಿದ್ದೆ. ಒಂದೊಂದು ಗರಿಯನ್ನೂ ತಿದ್ದಿ ತೀಡಿ ಮೂರು ವಾರ ಕಳೆದ ಮೇಲೆ, ಮೈಯ ನೆರಳು ಕೆಳಕ್ಕೂ ರೆಕ್ಕೆಯ ನೆರಳು ಬಲಕ್ಕೂ ಬಿದ್ದಿರುವುದು ಕಣ್ಣಿಗೆ ಬಿತ್ತು. ಅದನ್ನು ಸರಿಪಡಿಸಲು ಯಾವ ಬ್ರಷ್ಷಿನಿಂದಲೂ ಆಗಲಿಲ್ಲ, ಚಿತ್ರವನ್ನು ಕೈಬಿಡಬೇಕಾಯಿತು. ಅಂಟಿಸಿದಂತೆ ಕಾಣುವುದಕ್ಕೆ ಮುಖ್ಯ ಕಾರಣ ಪ್ರಾಣಿಯ ಅಂಗಗಳು ಬೇರೆ ಬೇರೆಯಾಗಿರುವುದಲ್ಲ, ಅವುಗಳ ಮೇಲೆ ಬಿದ್ದ ಬೆಳಕು ಬೇರೆ ಬೇರೆಯಾಗಿರುವುದು. ಆದ್ದರಿಂದ ವಿವರಗಳಿಗೆ ಕೈ ಹಾಕುವ ಮೊದಲು ಬೆಳಕನ್ನು ತೀರ್ಮಾನಿಸಿಕೊಳ್ಳಿ ಎಂಬುದೇ ನನ್ನ ಮುಖ್ಯ ಸಲಹೆ.

ಅದಕ್ಕೂ ಮುಂಚೆ ಮಕರದ ದೇಹದ ಬಗ್ಗೆ ಒಂದು ಮಾತು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ತಳಭಾಗದಲ್ಲಿ ಕೆಳಗಿನಿಂದ ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣದ ಕಥೆಗಳು, ಅದರ ಮೇಲೆ ಮಕರ, ಎಲ್ಲಕ್ಕಿಂತ ಮೇಲೆ ಹಂಸ, ಹೀಗೆ ಸಾಲುಗಳಿವೆ. ಸಾಧ್ಯವಾದರೆ ಬೆಳಗಿನ ಓರೆ ಬಿಸಿಲಿನಲ್ಲಿ ಹೋಗಿ ಆ ಮಕರದ ಸಾಲನ್ನು ನೋಡಿ. ಅದು ಬಳಪದ ಕಲ್ಲು. ಮೃದುವಾದ್ದರಿಂದ ಶಿಲ್ಪಿಗಳು ಅಷ್ಟು ಸೂಕ್ಷ್ಮವಾಗಿ ಕಡೆಯಲು ಸಾಧ್ಯವಾಗಿದೆ, ಓರೆ ಬೆಳಕಿನಲ್ಲಿ ಆ ಕೆತ್ತನೆಯ ಆಳ ಎದ್ದು ಕಾಣುತ್ತದೆ. ನಾನು ನೋಡಿದಾಗ ನನಗೆ ಹೊಳೆದದ್ದು ಇಷ್ಟು: ಶಿಲ್ಪಿ ಅಂಗಗಳನ್ನು ಒಂದರ ಪಕ್ಕ ಒಂದು ಜೋಡಿಸಿಲ್ಲ. ಮೇಲಕ್ಕೆ ಸುತ್ತಿಕೊಂಡ ಸೊಂಡಿಲಿನಿಂದ ಹೊರಟ ಬಾಗು ಹಣೆ, ಬೆನ್ನುಗಳ ಮೇಲೆ ಹಾದು ಬಾಲದ ಬಳ್ಳಿಯಂಥ ಸುರುಳಿಯಲ್ಲಿ ಮುಗಿಯುತ್ತದೆ. ಆ ಒಂದು ಗೆರೆಯನ್ನು ಮೊದಲು ಖಾಲಿ ಹಾಳೆಯ ಮೇಲೆ ಇಪ್ಪತ್ತು ಸಲ ಎಳೆಯಿರಿ. ಗೆರೆ ಕೈಗೆ ಬಂದ ಮೇಲೆ ಅಂಗಗಳು ಅದರ ಮೇಲೆ ಕುಳಿತುಕೊಳ್ಳುತ್ತವೆ.

ಕಲ್ಲಿನ ಮಕರಕ್ಕೆ ಜೀವ ಬರಬೇಕಾದರೆ ಜೀವಂತ ಪ್ರಾಣಿಗಳನ್ನೂ ನೋಡಬೇಕು. ನಿಮ್ಮ ಊರಿನ ಹತ್ತಿರವೇ ಸಕ್ರೆಬೈಲಿನ ಆನೆ ಬಿಡಾರವಿದೆ; ಬೆಳಿಗ್ಗೆ ಆನೆಗಳಿಗೆ ಸ್ನಾನ ಮಾಡಿಸುವ ಹೊತ್ತಿಗೆ ಹೋದರೆ ಒದ್ದೆಯಾದ ಚರ್ಮ ಹೇಗೆ ಕಾಣುತ್ತದೆ ಎಂಬುದು ಗೊತ್ತಾಗುತ್ತದೆ. ಸುಕ್ಕುಗಳ ಸಂದಿನಲ್ಲಿ ನೀರು ನಿಂತು ಅಲ್ಲಿ ಬಣ್ಣ ಗಾಢವಾಗಿಯೇ ಉಳಿಯುತ್ತದೆ, ಉಬ್ಬಿದ ಅಂಚಿನ ಮೇಲೆ ಮಾತ್ರ ಕೂದಲೆಳೆಯಷ್ಟು ತೆಳುವಾದ ಹೊಳಪು ಓಡುತ್ತದೆ. ಸೊಂಡಿಲಿನಲ್ಲಿ ಮೂಳೆಯಿಲ್ಲ, ಇರುವುದೆಲ್ಲ ಸ್ನಾಯು. ಆದ್ದರಿಂದ ಬಾಗಿದ ಕಡೆ ಒಳಮೈಯ ಮಡಿಕೆಗಳು ಒತ್ತೊತ್ತಾಗಿಯೂ ಹೊರಮೈಯವು ಅಗಲವಾಗಿಯೂ ಇರುತ್ತವೆ. ಮೊಸಳೆಗೆ ರಂಗನತಿಟ್ಟಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ, ಬಂಡೆಗಳ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಗಳನ್ನು ದೋಣಿಯಲ್ಲಿ ಕುಳಿತೇ ನೋಡಬಹುದು. ನಿಜವಾದ ಕಷ್ಟವಿರುವುದು ಮೊಸಳೆಯ ಮೂತಿ ಸೊಂಡಿಲಾಗಿ ಬದಲಾಗುವ ಜಾಗದಲ್ಲಿ. ಅಲ್ಲಿ ಗಡಿಗೆರೆ ಹಾಕಬೇಡಿ. ಮೂತಿಯ ಮೇಲಿನ ಗಟ್ಟಿ ಹುರುಪೆಗಳು ಮುಂದೆ ಹೋದಂತೆ ಚಿಕ್ಕದಾಗುತ್ತಾ, ಚಪ್ಪಟೆಯಾಗುತ್ತಾ, ಸೊಂಡಿಲಿನ ಮೊದಲ ಮೂರನೇ ಒಂದು ಭಾಗದುದ್ದಕ್ಕೂ ನಿಧಾನವಾಗಿ ಅಡ್ಡ ಸುಕ್ಕುಗಳಾಗಿ ಮಾರ್ಪಡಲಿ.

ಇನ್ನು ಬೆಳಕು. ಬೆಂಕಿಪೊಟ್ಟಣದಷ್ಟು ಚಿಕ್ಕದಾದ ಹನ್ನೆರಡು ಚೌಕಟ್ಟುಗಳನ್ನು ಹಾಕಿಕೊಂಡು ಕಪ್ಪು, ಬೂದು, ಬಿಳಿ ಮೂರೇ ಛಾಯೆಗಳಲ್ಲಿ ಇಡೀ ದೃಶ್ಯವನ್ನು ಹನ್ನೆರಡು ಬಗೆಯಾಗಿ ಬರೆಯಿರಿ. ಕಣ್ಣು, ಹಲ್ಲು, ಗರಿ ಯಾವುದೂ ಬೇಡ. ನಂತರ ಕೋಣೆಯ ಆಚೆ ತುದಿಯಿಂದ ನೋಡಿದಾಗಲೂ ಪ್ರಾಣಿಯ ಆಕಾರ ತಿಳಿಯುವ ಒಂದನ್ನು ಆರಿಸಿಕೊಳ್ಳಿ. ನಿಮ್ಮ ದೃಶ್ಯದಲ್ಲಿ ಎರಡು ಬೆಳಕುಗಳಿವೆ, ಚಂದ್ರ ಮತ್ತು ಲಾಟೀನು. ಎರಡಕ್ಕೂ ಸಮಾನ ಅಧಿಕಾರ ಕೊಟ್ಟರೆ ಚಿತ್ರ ಕಲಸಿಹೋಗುತ್ತದೆ. ನಾನಾಗಿದ್ದರೆ ಚಂದ್ರನನ್ನು ಮಕರದ ಹಿಂದೆ ಮೇಲ್ಗಡೆ ಇಟ್ಟು, ಇಡೀ ದೇಹವನ್ನು ಗಾಢ ಆಕಾರವಾಗಿ ಬಿಟ್ಟು, ಅಂಚಿಗೆ ಮಾತ್ರ ತಣ್ಣನೆಯ ನೀಲಿ ಬೆಳಕಿನ ಗೆರೆ ಕೊಡುತ್ತಿದ್ದೆ. ಲಾಟೀನಿನ ಬೆಳಕು ಹತ್ತಿರದ ದವಡೆಗೂ ಹುಡುಗಿಯ ಮುಖಕ್ಕೂ ಮಾತ್ರ ತಾಗಲಿ. ಚಿಕ್ಕ ದೀಪದ ಬೆಳಕು ದೂರ ಎರಡರಷ್ಟಾದರೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ದವಡೆ ಎರಡು ಅಡಿ ದೂರದಲ್ಲಿದ್ದು ಭುಜ ನಾಲ್ಕು ಅಡಿ ದೂರದಲ್ಲಿದ್ದರೆ ಭುಜಕ್ಕೆ ಸಿಗುವುದು ದವಡೆಯ ಕಾಲು ಭಾಗ, ಬಾಲಕ್ಕೆ ಹೆಚ್ಚುಕಡಿಮೆ ಏನೂ ಸಿಗುವುದಿಲ್ಲ. ಹೊಸಬರು ಬಾಲಕ್ಕೂ ಕಿತ್ತಳೆ ಬಣ್ಣ ಬಳಿದುಬಿಡುತ್ತಾರೆ, ರಾತ್ರಿ ಅಲ್ಲಿಗೆ ಮುಗಿದುಹೋಗುತ್ತದೆ.

ಆಯ್ದ ಚಿಕ್ಕ ಚಿತ್ರವನ್ನು ದೊಡ್ಡದು ಮಾಡಿ, ಪೂರ್ತಿ ಕಪ್ಪು ಬಿಳುಪಿನಲ್ಲಿಯೇ ಮುಗಿಸಿ. ಹಿನ್ನೆಲೆ, ನೀರು, ಮಕರ, ಹುಡುಗಿ, ಬೆಳಕು ಎಂದು, ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳಂಥ ಐದಾರು ಲೇಯರ್‌ಗಳು ಸಾಕು. ಆಮೇಲೆ ಮೇಲೊಂದು ಲೇಯರ್ ಇಟ್ಟು, ಕೆಳಗಿನ ಛಾಯೆಗೆ ಬಣ್ಣ ಮಾತ್ರ ಸೇರಿಸುವ ಕಲರ್ ಮೋಡ್‌ನಲ್ಲಿ ಬಣ್ಣ ಹಚ್ಚಿದರೆ ಛಾಯೆ ಕೆಡುವುದಿಲ್ಲ. ಆದರೆ ಬಣ್ಣ ಬೂದಿ ಮೆತ್ತಿದಂತೆ ಮಂಕಾಗುತ್ತದೆ, ಆದ್ದರಿಂದ ಮುಖ್ಯವಾದ ಜಾಗಗಳಲ್ಲಿ ಸಾಮಾನ್ಯ ಲೇಯರ್‌ನಲ್ಲಿ ದಟ್ಟ ಬಣ್ಣದಿಂದ ಮತ್ತೊಮ್ಮೆ ಬರೆಯಲೇಬೇಕು. ನೆರಳಿಗೆ, ಕೆಳಗಿನ ಬಣ್ಣವನ್ನು ಗಾಢವಾಗಿಸುವ ಮಲ್ಟಿಪ್ಲೈ ಮೋಡ್ ಬಳಸುವಾಗ ಕಪ್ಪಿನ ಬದಲು ನೇರಳೆ ಬೆರೆತ ನೀಲಿಯನ್ನು ತೆಗೆದುಕೊಳ್ಳಿ. ಕ್ರಿಟಾದಲ್ಲಿ ಒಂದು ವಿಷಯ ನನ್ನನ್ನು ಎರಡು ದಿನ ಕಾಡಿತ್ತು: ಮಕರದ ಆಕಾರದ ಹೊರಗೆ ಬಣ್ಣ ಹೋಗದಿರಲೆಂದು ಇನ್ಹೆರಿಟ್ ಆಲ್ಫಾ ಒತ್ತಿದರೂ ಬಣ್ಣ ಎಲ್ಲೆಡೆ ಹರಡುತ್ತಿತ್ತು. ಅದು ಕೆಳಗಿರುವ ಎಲ್ಲ ಲೇಯರ್‌ಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ; ಹಿನ್ನೆಲೆ ಪೂರ್ತಿ ತುಂಬಿರುವುದರಿಂದ ಏನೂ ಆಗದಂತೆ ಕಾಣುತ್ತದೆ. ಮಕರಕ್ಕೆ ಸಂಬಂಧಿಸಿದ ಲೇಯರ್‌ಗಳನ್ನು ಒಂದು ಗ್ರೂಪ್‌ನೊಳಗೆ ಹಾಕಿದರೆ ತೊಂದರೆ ತೀರುತ್ತದೆ.

ಎರಡನೆಯ ಉತ್ತರ

ನಾನು ಪುಸ್ತಕ ವಿನ್ಯಾಸ ಮತ್ತು ಮುದ್ರಣದ ಕೆಲಸದಲ್ಲಿರುವವನು, ಆದ್ದರಿಂದ ಅಳತೆ ಮತ್ತು ಮುದ್ರಣದ ಬಗ್ಗೆ ಮಾತ್ರ ಹೇಳುತ್ತೇನೆ. ಪುಸ್ತಕ 1/8 ಡೆಮಿ ಆಕಾರದ್ದಾದರೆ ಮುಖಪುಟ 5.5 ಇಂಚು ಅಗಲ, 8.5 ಇಂಚು ಎತ್ತರ ಇರುತ್ತದೆ. ಇಂಚಿಗೆ 300 ಪಿಕ್ಸೆಲ್‌ನಂತೆ 1650 × 2550. ಕತ್ತರಿಸುವಾಗ ಬಿಳಿ ಅಂಚು ಕಾಣದಿರಲು ನಾಲ್ಕೂ ಬದಿಗೆ 3 ಮಿ.ಮೀ. ಹೆಚ್ಚುವರಿ ಬಿಟ್ಟರೆ ಸುಮಾರು 1720 × 2620 ಆಗುತ್ತದೆ. ಇದರ ಎರಡರಷ್ಟು ಅಳತೆಯಲ್ಲಿ ಬರೆದು ಕೊನೆಗೆ ಇಳಿಸುವುದು ಒಳ್ಳೆಯದು. ಆ ಅಳತೆಯಲ್ಲಿ ಪೂರ್ತಿ ತುಂಬಿದ ಒಂದು ಲೇಯರ್ ಸುಮಾರು 72 ಎಂ.ಬಿ. ಮೆಮೊರಿ ತೆಗೆದುಕೊಳ್ಳುತ್ತದೆ. ನಿಮ್ಮ ಲ್ಯಾಪ್‌ಟಾಪಿಗೆ ಇಪ್ಪತ್ತು ಲೇಯರ್ ಹೊರೆಯಾಗಲಾರದು, ಆದರೆ ಅರವತ್ತಾದರೆ ಪೆನ್ನು ಒಂದು ಕಡೆ, ಗೆರೆ ಒಂದು ಕಡೆ ಎನ್ನುವಂತಾಗುತ್ತದೆ.

ರಾತ್ರಿಯ ಚಿತ್ರಗಳಲ್ಲಿ ಮುದ್ರಣ ಬಹಳ ಜನರಿಗೆ ನಿರಾಸೆ ತಂದಿದೆ. ಪರದೆ ತಾನೇ ಬೆಳಕು ಸೂಸುತ್ತದೆ, ಕಾಗದ ಸೂಸುವುದಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಪ್ರೂಫ್ (ಮಾದರಿ ಅಚ್ಚು ಪ್ರತಿ) ತೆಗೆಸದೆ ಕಳುಹಿಸಿದ ಒಂದು ಮುಖಪುಟ, ಪರದೆಯ ಮೇಲೆ ಬೆಳದಿಂಗಳಿನಂತಿದ್ದದ್ದು, ಅಚ್ಚಾಗಿ ಬಂದಾಗ ಇದ್ದಿಲಿನಂತಿತ್ತು. ಸಾವಿರ ಪ್ರತಿ ಅಚ್ಚಾಗಿದ್ದವು, ಲೇಖಕರ ಎದುರು ನಿಲ್ಲಲು ಸಂಕಟವಾಯಿತು. ಹೊಳೆಯುವ ನೀಲಿ ಮತ್ತು ಹಸಿರು ಬಣ್ಣಗಳು ಮುದ್ರಣದ ನಾಲ್ಕು ಬಣ್ಣಗಳ ಸಿ.ಎಂ.ವೈ.ಕೆ. ಶಾಯಿಯಲ್ಲಿ ಹಾಗೆಯೇ ಬರುವುದಿಲ್ಲ. ಅಚ್ಚಿನಲ್ಲಿ ಬಣ್ಣ ಹೇಗೆ ಬರುತ್ತದೆ ಎಂಬುದನ್ನು ಪರದೆಯ ಮೇಲೆಯೇ ತೋರಿಸುವ ಸಾಫ್ಟ್ ಪ್ರೂಫಿಂಗ್ ಸೌಲಭ್ಯ ಕ್ರಿಟಾದಲ್ಲಿದೆ. ಮುದ್ರಣಾಲಯದವರಿಂದ ಅವರ ಯಂತ್ರ, ಕಾಗದಗಳ ಬಣ್ಣದ ವಿವರವಿರುವ ಪ್ರೊಫೈಲ್ ಕಡತ ಪಡೆದು, ಬಣ್ಣ ಹಚ್ಚುವ ದಿನದಿಂದಲೇ ಆಗಾಗ ಅದನ್ನು ಹಾಕಿ ನೋಡಿ. ಗಾಢ ಛಾಯೆಗಳನ್ನು ನಿಮಗೆ ಬೇಕಿರುವುದಕ್ಕಿಂತ ಸ್ವಲ್ಪ ತಿಳಿಯಾಗಿಯೇ ಇಡಿ. ಒಂದು ಪ್ರತಿ ಪ್ರೂಫ್ ತೆಗೆಸದೆ ಒಪ್ಪಿಗೆ ಕೊಡಬೇಡಿ.

ಶೀರ್ಷಿಕೆಯ ಅಕ್ಷರಗಳನ್ನು ಚಿತ್ರದೊಳಗೆ ಬರೆಯುವುದು ಬೇಡ, ಅದನ್ನು ವಿನ್ಯಾಸಕಾರರಿಗೆ ಬಿಡಿ. ಆದರೆ ಅದಕ್ಕೆ ಜಾಗ ಮಾತ್ರ ಮೊದಲ ಚಿಕ್ಕ ಚಿತ್ರದಲ್ಲಿಯೇ ಇರಬೇಕು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುವುದರಿಂದ ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಎತ್ತರ ಬೇಕಾಗುತ್ತದೆ. ಮೇಲಿನ ಮೂರನೇ ಒಂದು ಭಾಗವನ್ನು ಖಾಲಿ ಆಕಾಶವಾಗಿ ಬಿಟ್ಟುಕೊಡಿ.

ಮೂರನೆಯ ಉತ್ತರ

ನನ್ನದೂ ಪರದೆಯಿಲ್ಲದ ಟ್ಯಾಬ್ಲೆಟ್ಟೇ, ಎರಡು ವರ್ಷದ ಅನುಭವ. ಟ್ಯಾಬ್ಲೆಟ್ಟಿನ ಅಗಲ ಎತ್ತರಗಳ ಅನುಪಾತ ಪರದೆಯ ಅನುಪಾತಕ್ಕೆ ಹೊಂದಿದೆಯೇ ಎಂದು ಸೆಟ್ಟಿಂಗ್ಸ್‌ನಲ್ಲಿ ನೋಡಿಕೊಳ್ಳಿ. ಹೊಂದದಿದ್ದರೆ ಕೈ ಬರೆದ ವೃತ್ತ ಪರದೆಯ ಮೇಲೆ ಮೊಟ್ಟೆಯಾಗುತ್ತದೆ, ಮಕರದ ಆ ಬಾಗು ಎಷ್ಟು ಸಲ ಎಳೆದರೂ ಸರಿಬರುವುದಿಲ್ಲ. ಕ್ರಿಟಾದಲ್ಲಿ ಎಂ ಕೀಲಿ ಒತ್ತಿದರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲವಾಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಹಾಗೆ ನೋಡುವ ಅಭ್ಯಾಸದಿಂದ ನನ್ನ ಚಿತ್ರಗಳ ಓರೆಕೋರೆಗಳು ಬಹಳ ಕಡಿಮೆಯಾಗಿವೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಭಾನುವಾರ ಸಕ್ರೆಬೈಲಿಗೆ ಹೋಗಿ ಬಂದೆ, ಹನ್ನೆರಡು ಚಿಕ್ಕ ಚಿತ್ರಗಳೂ ಆದವು. ಏಳನೆಯದರಲ್ಲಿ ಮೊದಲ ಬಾರಿಗೆ ಅದು ಒಂದೇ ಪ್ರಾಣಿಯಂತೆ ಕಂಡಿತು. ಇನ್ನೆರಡು ಸಂದೇಹಗಳಿವೆ. ನವಿಲಿನ ಬಾಲದ ಬಣ್ಣವನ್ನು ರಾತ್ರಿಯಲ್ಲಿ ತೋರಿಸುವುದು ಹೇಗೆ? ನೀರಿನಲ್ಲಿ ಪ್ರತಿಬಿಂಬ ಬೇಕಾದರೆ ಮಕರದ ಲೇಯರ್ ಅನ್ನೇ ತಲೆಕೆಳಗು ಮಾಡಿ ಇಟ್ಟರೆ ಸಾಕೇ?

ಮೊದಲ ಉತ್ತರ ಬರೆದವರಿಂದ

ನವಿಲುಗರಿಯ ನೀಲಿ ಹಸಿರು ಬಣ್ಣವು ವರ್ಣದ್ರವ್ಯದಿಂದ ಬಂದದ್ದಲ್ಲ. ಗರಿಯೊಳಗಿನ ಅತಿ ಸೂಕ್ಷ್ಮ ರಚನೆಯ ಮೇಲೆ ಬೆಳಕು ಬಿದ್ದು ಉಂಟಾಗುವ ಬಣ್ಣ ಅದು, ನೋಡುವ ಕೋನ ಬದಲಾದರೆ ಬಣ್ಣವೂ ಬದಲಾಗುತ್ತದೆ. ಬೆಳಕು ಕಡಿಮೆಯಾದಾಗ ನಮ್ಮ ಕಣ್ಣಿಗೆ ಬಣ್ಣ ಗುರುತಿಸುವ ಶಕ್ತಿಯೂ ಕಡಿಮೆ. ಆದ್ದರಿಂದ ಬಾಲದ ಬಹುಪಾಲನ್ನು ನೀಲಿ ಬೆರೆತ ಬೂದು ಬಣ್ಣದಲ್ಲಿಯೇ ಬಿಟ್ಟು, ಸುರುಳಿ ಚಂದ್ರನ ಕಡೆಗೆ ತಿರುಗುವ ಜಾಗದಲ್ಲಿ ಗರಿಯ ಎರಡೋ ಮೂರೋ ಕಣ್ಣುಗಳಿಗೆ ಮಾತ್ರ ಹಸಿರು ಕೊಡಿ. ನೀರಿಗೆ ತಾಗಿದ ಗರಿಗಳು ಬಿಡಿಬಿಡಿಯಾಗಿರದೆ ಜಡೆಗಟ್ಟಿ ಇಳಿಬೀಳಬೇಕು. ಬಾಲದ ತುದಿಯ ಅಂಚು ಕತ್ತಲಲ್ಲಿ ಕರಗಿಹೋಗಲಿ. ಹರಿತವಾದ ಅಂಚುಗಳೆಲ್ಲ ಕಣ್ಣು ಮತ್ತು ದವಡೆಯ ಸುತ್ತ ಇರಲಿ.

ಪ್ರತಿಬಿಂಬಕ್ಕೆ ಲೇಯರ್ ತಿರುಗಿಸಿ ಇಡುವುದು ಸಾಲದು. ನೀರಿನ ಮಟ್ಟದಿಂದ ನೋಡಿದಾಗ ಯಾವ ಭಾಗಗಳು ಕಾಣುತ್ತವೆಯೋ ಅವೇ ಪ್ರತಿಬಿಂಬದಲ್ಲಿ ಕಾಣುವುದು, ಎಂದರೆ ದವಡೆಯ ಅಡಿಭಾಗ, ಸೊಂಡಿಲಿನ ಒಳಮೈ, ಲಾಟೀನಿನ ತಳ. ಇವನ್ನು ಹೊಸದಾಗಿ ಬರೆಯಬೇಕು. ಗಾಢವಾದ ವಸ್ತುವಿನ ಪ್ರತಿಬಿಂಬ ತುಸು ತಿಳಿಯಾಗಿಯೂ ಬೆಳ್ಳಗಿನ ವಸ್ತುವಿನದು ತುಸು ಗಾಢವಾಗಿಯೂ ಇರುತ್ತದೆ. ಮಕರ ಆಗಷ್ಟೇ ನೀರಿಗಿಳಿದಿದೆ, ಅಲೆಗಳೆದ್ದಿವೆ. ಆದ್ದರಿಂದ ದೇಹದ ಹತ್ತಿರ ಪ್ರತಿಬಿಂಬ ಅಡ್ಡಡ್ಡ ತುಂಡಾಗಲಿ, ಲಾಟೀನಿನ ಬೆಳಕು ನಮ್ಮ ಕಡೆಗೆ ಉದ್ದವಾಗಿ ಎಳೆದುಕೊಳ್ಳಲಿ. ಏಳನೆಯ ಚಿತ್ರವನ್ನು ದೊಡ್ಡದು ಮಾಡಿ ಕಪ್ಪು ಬಿಳುಪು ಮುಗಿಸಿದ ಕೂಡಲೇ ದಯವಿಟ್ಟು ಇಲ್ಲಿ ತೋರಿಸಿ. ಬಣ್ಣ ಹಚ್ಚುವ ಮೊದಲೇ ನೋಡಿದರೆ ಸೊಂಡಿಲು ಕೂಡುವ ಜಾಗವನ್ನು ತಿದ್ದುವುದು ಸುಲಭವಾಗುತ್ತದೆ.