ಪದಚರ್ಚೆ: ಕಣ್ಣಿಗೆ ಕಾಸ್ಟಿಕ್ ಸಿಡಿದರೆ ‘ತೊಳೆಯಿರಿ’ ಅಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ.

ಸಕ್ಕರೆ ಕಾರ್ಖಾನೆಯ ಮೆಂಟೆನೆನ್ಸ್ ವಿಭಾಗದ ಗೋಡೆಗೆ ಒಂದು ಎಚ್ಚರಿಕೆ ಬೋರ್ಡು ಬರೆಯುತ್ತಿದ್ದೇನೆ. ಒಂದು ಕ್ರಿಯಾಪದಕ್ಕೆ ಬಂದು ನಿಂತುಬಿಟ್ಟಿದ್ದೇನೆ.

ಕಬ್ಬಿನ ರಸ ಕಾಯಿಸುವ ಇವಾಪರೇಟರಿನ ಟ್ಯೂಬುಗಳಲ್ಲಿ ಗಟ್ಟಿ ಕಿಟ್ಟ ಕಟ್ಟುತ್ತದೆ. ಅದನ್ನು ಬಿಡಿಸಲು ಕಾಸ್ಟಿಕ್ ಸೋಡಾ (ಒಂದು ತೀಕ್ಷ್ಣ ಕ್ಷಾರ) ಹಾಕಿ ಕುದಿಸುತ್ತಾರೆ. ಆಮೇಲೆ ಪಂಪು, ವಾಲ್ವು ಬಿಚ್ಚುವಾಗ ಲೈನಿನಲ್ಲಿ ಒಂಚೂರು ಉಳಿದಿದ್ದರೂ, ಫ್ಲ್ಯಾಂಜಿನ (ಪೈಪು ಜೋಡಿಸುವ ಬಿಲ್ಲೆಯ) ಬೋಲ್ಟು ಸಡಿಲವಾದ ಕೂಡಲೇ ಮುಖಕ್ಕೆ ಚಿಮ್ಮಬಹುದು.

ಆಸಿಡ್ ಅಂದರೆ ಎಲ್ಲರಿಗೂ ಭಯ, ಕಾಸ್ಟಿಕ್ ಅಂದರೆ ಅಷ್ಟಿಲ್ಲ. ಕಣ್ಣಿನ ಮಟ್ಟಿಗೆ ಇದು ಉಲ್ಟಾ. ಸಾಮಾನ್ಯವಾಗಿ ಆಸಿಡ್ ಬಿದ್ದಾಗ ಮೇಲಿನ ಪ್ರೋಟೀನು ಹೆಪ್ಪುಗಟ್ಟಿ, ಆ ಹೆಪ್ಪೇ ಸ್ವಲ್ಪ ತಡೆಯಾಗುತ್ತದೆ. ಕಾಸ್ಟಿಕ್ ಹಾಗಲ್ಲ. ಜೀವಕೋಶದ ಕೊಬ್ಬನ್ನೇ ಸಾಬೂನು ಮಾಡುತ್ತಾ ಒಳಗಿಳಿಯುತ್ತಲೇ ಇರುತ್ತದೆ. ಸುಣ್ಣವೂ ಇದೇ ಜಾತಿ. ‘ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ’ ಅಂದವರು ಸುಮ್ನೆ ಅಂದಿಲ್ಲ!

ಹಾಗಾಗಿ ಆಸಿಡ್, ಕಾಸ್ಟಿಕ್ ಯಾವುದೇ ಬಿದ್ದ ತಕ್ಷಣ, ರೆಪ್ಪೆ ಅಗಲಿಸಿ ಹಿಡಿದು, ಕನಿಷ್ಠ 15 ನಿಮಿಷ ಕಣ್ಣಿನ ಮೇಲೆ ನೀರು ಹರಿಯುತ್ತಲೇ ಇರಬೇಕು. ಕಾಸ್ಟಿಕ್ ಆದರೆ ಇನ್ನೂ ಜಾಸ್ತಿ ಹೊತ್ತು. ಆಸ್ಪತ್ರೆಗೆ ಹೊರಡುವುದು ಅದಾದ ಮೇಲೆ.

ಈಗ ‘ಕಣ್ಣು ತೊಳೆದುಕೊಳ್ಳಿ’ ಅಂತ ಬರೆದರೆ ಏನಾಗುತ್ತದೆ? ಬೊಗಸೆಯಲ್ಲಿ ನೀರು ಹಿಡಿದು ಎರಡು ಸಲ ಎರಚಿಕೊಂಡು, ಟವೆಲ್ಲಿನಲ್ಲಿ ಒರೆಸಿಕೊಂಡು, ಮತ್ತೆ ಸ್ಪ್ಯಾನರ್ ಹಿಡಿಯುತ್ತಾರೆ. ಅವರದೇನೂ ತಪ್ಪಿಲ್ಲ. ನಮ್ಮಲ್ಲಿ ತೊಳೆದುಕೊಳ್ಳುವುದು ಅಂದರೆ ಅಷ್ಟೇ ಅಲ್ವಾ?

‘ಜಾಲಿಸಿ’ ಅನ್ನುವುದು ಪಾತ್ರೆ, ಬಟ್ಟೆಯ ಮಾತು. ‘ನೀರು ಬಿಡಿ’ ಅಂದರೆ ಡ್ರಾಪ್ಸ್ ಬಿಟ್ಟ ಹಾಗೆ ಕೇಳಿಸುತ್ತದೆ. ‘ಪ್ರಕ್ಷಾಲನ’ ಅಂತ ಬರೆದರೆ ಓದಿ ಮುಗಿಸುವಷ್ಟರಲ್ಲಿ ಕಣ್ಣೇ ಹೋಗಿರುತ್ತದೆ. ನನಗೆ ಹಿಡಿಸಿದ್ದು ‘ನೀರು ಹಾಯಿಸಿ’. ಡಾಕ್ಟರುಗಳೂ ಇದನ್ನು ಇರಿಗೇಷನ್ ಅಂತಲೇ ಕರೆಯುತ್ತಾರೆ. ಗದ್ದೆಗೆ ನೀರು ಹಾಯಿಸಿದವರಿಗೆ ಅದು ಒಂದು ತಂಬಿಗೆಯಲ್ಲಿ ಮುಗಿಯುವ ಕೆಲಸ ಅಲ್ಲ, ನಿಂತು ಕಾಯುವ ಕೆಲಸ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ‘ಕಣ್ಣಿಗೆ ಕನಿಷ್ಠ 15 ನಿಮಿಷ ನೀರು ಹಾಯಿಸಿ’ ಅಂತ ಓದಿದರೆ ನಗು ಬರುತ್ತದೆಯೇ?

ಮಂಡ್ಯದ ಕಡೆಯವರು, ಬೆಳಗಾವಿ–ಬಾಗಲಕೋಟೆ ಕಡೆಯವರು ದಯವಿಟ್ಟು ಹೇಳಿ. ಜೊತೆಗೆ ಇನ್ನೊಂದು: ಕಾಸ್ಟಿಕ್ ಸಿಡಿದಾಗ ನಿಮ್ಮ ಕಡೆ ‘ಕಣ್ಣು ಸುಟ್ಟಿತು’ ಅನ್ನುತ್ತಾರೋ, ಬರೀ ‘ಉರಿಯಿತು’ ಅನ್ನುತ್ತಾರೋ? ಬೋರ್ಡಿನ ಮೊದಲ ಸಾಲಿಗೆ ಅದೂ ಬೇಕು.